ತುಂಗಾ ನದಿ ಪಕ್ಕದ ರೋಡಲ್ಲಿ ಸೈಕಲ್: ಶಿವಮೊಗ್ಗ, ತೀರ್ಥಹಳ್ಳಿ, ಶೃಂಗೇರಿ, ಆಗುಂಬೆ – ಯಾವ ಕಡೆಯಿಂದ ಹೊಡೆಯೋದು?

ಗೇರ್_ಗಿರಾಕಿ:
ಎಲ್ರಿಗೂ ನಮಸ್ಕಾರ. ಡಿಸೆಂಬರ್ ಕೊನೇ ವಾರ ನಾವು ಮೂರು ಜನ ಬೆಂಗಳೂರಿಂದ ಬರೋಣ ಅಂತ ಇದೀವಿ, ಇಬ್ರದ್ದು ರೋಡ್ ಬೈಕ್ (28 ಎಂಎಂ ಟೈರು), ಇನ್ನೊಬ್ಬಂದು ಹೈಬ್ರಿಡ್. ವೀಕೆಂಡಲ್ಲಿ ನಂದಿ ಬೆಟ್ಟ ಹತ್ತಿ ಹತ್ತಿ ಬೋರಾಗಿದೆ, ಈ ಸಲ ತುಂಗಾ ನದಿ ಹಿಡ್ಕೊಂಡು ಶಿವಮೊಗ್ಗದಿಂದ ಮೇಲಕ್ಕೆ ಹೋಗಿ ಆಗುಂಬೆ, ಶೃಂಗೇರಿ ಎಲ್ಲಾ ಸುತ್ತಿ ಬರಬೇಕು ಅಂತ ಆಸೆ. ಮ್ಯಾಪಲ್ಲಿ ನೋಡಿದ್ರೆ ತೀರ್ಥಹಳ್ಳಿ ತನಕ ರೋಡು ಹೊಳೆ ಪಕ್ಕದಲ್ಲೇ ಹೋಗತ್ತೆ, ಅಂದ್ರೆ ಫ್ಲಾಟ್ ಇರತ್ತೆ ಅಲ್ವಾ? ಹೈವೇ ಟ್ರಾಫಿಕ್ ಹೆಂಗೆ, ಆಗುಂಬೆ ಘಾಟಿ ಇಳಿದು ಅವತ್ತೇ ವಾಪಸ್ ಹತ್ತಬಹುದಾ, ಉಳ್ಕೊಳೋಕೆ ಎಲ್ಲಿ ಒಳ್ಳೇದು, ಮತ್ತೆ ಸೈಕಲ್ನ ಶಿವಮೊಗ್ಗಕ್ಕೆ ತರೋದು ಟ್ರೈನಲ್ಲಾ ಬಸ್ಸಲ್ಲಾ? ಸ್ಪೀಡು ಗೀಡು ಏನೂ ಇಲ್ಲ, ನಿಂತು ನೋಡ್ಕೊಂಡು ಕಾಫಿ ಕುಡ್ಕೊಂಡು ಹೋಗೋ ಪಾರ್ಟಿ ನಾವು.

ಗಾಜನೂರು_ಎಕ್ಸ್‌ಪ್ರೆಸ್:
ಫ್ಲಾಟ್ ಅಂತೆ 😄 ಬನ್ನಿ ಬನ್ನಿ.

ಶಿವಮೊಗ್ಗ ಸಮುದ್ರ ಮಟ್ಟದಿಂದ ಹತ್ರ ಹತ್ರ 570 ಮೀಟರು, ತೀರ್ಥಹಳ್ಳಿ 590 ಚಿಲ್ಲರೆ. ಲೆಕ್ಕ ನೋಡಿದ್ರೆ 60 ಕಿಲೋಮೀಟರಿಗೆ 20 ಮೀಟರ್ ಹತ್ತಿದ್ರೆ ಮುಗೀತು ಅನ್ಸತ್ತೆ, ಆದ್ರೆ ತುಂಗೆಗೆ ಬಂದು ಸೇರೋ ಹಳ್ಳ ಒಂದಾ ಎರಡಾ, ಒಂದೊಂದು ಹಳ್ಳ ಬಂದಾಗ್ಲೂ ರೋಡು ಮೋರಿ ತನಕ ಇಳಿಯತ್ತೆ ಆಮೇಲೆ ಮತ್ತೆ ಏರತ್ತೆ, ಮತ್ತೆ ಇಳಿಯತ್ತೆ ಮತ್ತೆ ಏರತ್ತೆ. ಯಾವುದೂ ದೊಡ್ಡ ಏರಲ್ಲ, ಗೇರ್ ಬದಲಾಯಿಸೋದ್ರೊಳಗೆ ಮುಗಿಯತ್ತೆ, ಆದ್ರೆ ಸಂಜೆ ಹೊತ್ತಿಗೆ ತೊಡೆ ಹೇಳತ್ತೆ ಎಷ್ಟು ಹತ್ತಿದೀವಿ ಅಂತ. ನಂದಿ ತರ ಒಂದೇ ಸಲ ಹತ್ತಿ ಮುಗಿಸೋ ಅಭ್ಯಾಸ ಇರೋರಿಗೆ ಇದು ಬೇರೆ ತರದ ಸುಸ್ತು, ರಿದಮ್ಮೇ ಸಿಗಲ್ಲ.

ಆದ್ರೂ ನನ್ನ ಕೇಳಿದ್ರೆ ಇಡೀ ಟ್ರಿಪ್ಪಲ್ಲಿ ಇದೇ ಬೆಸ್ಟ್ ಭಾಗ. ಜನ ಆಗುಂಬೆ ಆಗುಂಬೆ ಅಂತ ಈ ರೋಡಲ್ಲಿ ಕಾರಲ್ಲಿ ಕಣ್ಣು ಮುಚ್ಕೊಂಡು ಹೋಗ್ತಾರೆ. ಬೆಳಗ್ಗೆ ಬೆಳಕು ಹರಿಯೋ ಹೊತ್ತಿಗೆ ಊರು ಬಿಡಿ, ಗಾಜನೂರು ಡ್ಯಾಮ್ ಹತ್ರ ಹೊಳೆ ಮೇಲೆ ಮಂಜು ಇರತ್ತೆ, ಮುಂದಕ್ಕೆ ಸಕ್ರೆಬೈಲು ಆನೆ ಬಿಡಾರ, ಶಿವಮೊಗ್ಗದಿಂದ 14 ಕಿಮೀ ಅಷ್ಟೆ. ಆನೆ ಸ್ನಾನ ನೋಡಬೇಕು ಅಂದ್ರೆ ಎಂಟೂವರೆ ಮೇಲೆ, ನೀವು ಬೇಗ ಹೋಗಿಬಿಟ್ರೆ ಕಾಯಬೇಕಾಗತ್ತೆ, ಪಕ್ಕದಲ್ಲಿ ತಿಂಡಿ ಸಿಗತ್ತೆ ಚಿಂತೆ ಇಲ್ಲ. ಅಲ್ಲಿಂದ ಮಂಡಗದ್ದೆ ತನಕ ಕಾಡು, ಎಡಕ್ಕೋ ಬಲಕ್ಕೋ ನೋಡ್ತಿದ್ರೆ ಮರದ ಸಂದೀಲಿ ಹೊಳೆ ಕಾಣತ್ತೆ ಹೋಗತ್ತೆ. ಮಂಡಗದ್ದೆ ಪಕ್ಷಿಧಾಮ ಅಂತ ಬೋರ್ಡ್ ನೋಡಿ ಬಹಳ ನಿರೀಕ್ಷೆ ಇಟ್ಕೋಬೇಡಿ, ಹಕ್ಕಿ ಗೂಡು ಕಟ್ಟೋದು ಮಳೆಗಾಲದಲ್ಲಿ, ಜುಲೈನಿಂದ ಸೆಪ್ಟೆಂಬರ್ ಅಕ್ಟೋಬರ್ ತನಕ. ಡಿಸೆಂಬರಲ್ಲಿ ಹೊಳೆ ಮಧ್ಯದ ಆ ನಡುಗಡ್ಡೆ ಬಹುತೇಕ ಖಾಲಿ. ಬಂಡೆ ಮೇಲೆ ನೀರುಕಾಗೆ ರೆಕ್ಕೆ ಬಿಚ್ಕೊಂಡು ಒಣಗಿಸ್ತಾ ಕೂತಿರತ್ತೆ, ಅಷ್ಟು ಗ್ಯಾರಂಟಿ.

ಟ್ರಾಫಿಕ್ ವಿಷಯ ಸೀರಿಯಸ್ಸಾಗಿ ಹೇಳ್ತೀನಿ. ಇದು ನ್ಯಾಷನಲ್ ಹೈವೇ 169, ಹೆಸರಿಗೆ ಹೈವೇ, ತಿರುವು ಜಾಸ್ತಿ. ಇಲ್ಲಿ ಬಸ್ಸಿನೋರು ಟೈಮಿಂಗ್ ಮೇಲೆ ಓಡಿಸ್ತಾರೆ, ತಿರುವಲ್ಲೂ ಓವರ್‌ಟೇಕ್ ಮಾಡ್ತಾರೆ. ಹಾರನ್ ಕೇಳಿದ ತಕ್ಷಣ ಎಡಕ್ಕೆ ಸರಿಯಿರಿ, ನಾನೂ ಟ್ಯಾಕ್ಸ್ ಕಟ್ಟಿದೀನಿ ಅನ್ನೋ ವಾದ ಅಲ್ಲಿ ಬೇಡ. ಹಿಂದಿನ ಬ್ಲಿಂಕರ್ ಹಗಲಲ್ಲೂ ಆನ್ ಇರ್ಲಿ, ಮರದ ನೆರಳಲ್ಲಿ ಸೈಕಲ್ ಕಾಣಲ್ಲ. ಅಲ್ಲಲ್ಲಿ ಅಗಲೀಕರಣದ ಕೆಲಸ ನಡೀತಿದ್ರೆ ಜಲ್ಲಿ ಬಿದ್ದಿರತ್ತೆ.

ಕಮಾನು_ಸೇತುವೆ:
ಮೇಲಿನೋರು ಹೇಳಿದ್ದಕ್ಕೆ ನಂದೊಂದು ಸೇರ್ಸಿ, ನಮ್ಮೂರು ತೀರ್ಥಹಳ್ಳಿ.

ಎಲ್ರೂ ಮಾಡೋ ಲೂಪು ತೀರ್ಥಹಳ್ಳಿ, ಆಗುಂಬೆ, ಶೃಂಗೇರಿ, ಹರಿಹರಪುರ, ಕೊಪ್ಪ, ವಾಪಸ್ ತೀರ್ಥಹಳ್ಳಿ, ಹೆಚ್ಚುಕಮ್ಮಿ 120 ಕಿಮೀ. ಎಲ್ರೂ ಆಗುಂಬೆ ಕಡೆಯಿಂದಾನೇ ಶುರು ಮಾಡ್ತಾರೆ, ನಾನು ಹೇಳೋದು ಉಲ್ಟಾ ಹೋಗಿ. ಯಾಕಂದ್ರೆ ಈ ಸುತ್ತಲ್ಲಿ ಕೊಪ್ಪ ಎಲ್ಲಕ್ಕಿಂತ ಎತ್ತರದಲ್ಲಿದೆ, ಸಂಜೆ ಸುಸ್ತಾದ ಮೇಲೆ ಹರಿಹರಪುರದಿಂದ ಕೊಪ್ಪಕ್ಕೆ ಹತ್ತೋದು ಯಾರಿಗೆ ಬೇಕು. ಬೆಳಗ್ಗೆ ತಣ್ಣಗಿರುವಾಗ ಕುಪ್ಪಳಿ ಕಡೆ ಹೊರಡಿ, ಕವಿಮನೆ ನೋಡಿ, ಸೈಕಲ್ ಕೆಳಗೆ ಬೀಗ ಹಾಕಿ ಕವಿಶೈಲಕ್ಕೆ ನಡ್ಕೊಂಡು ಹತ್ತಿ. ಆಮೇಲೆ ಕೊಪ್ಪ, ಅಲ್ಲಿಂದ ಹರಿಹರಪುರಕ್ಕೆ ಇಳಿದ್ರೆ ತುಂಗೆ ಮತ್ತೆ ಸಿಕ್ತಾಳೆ, ಅಲ್ಲಿಂದ ಶೃಂಗೇರಿ. ಮಧ್ಯಾಹ್ನದ ಊಟದ ಹೊತ್ತಿಗೆ ಶೃಂಗೇರಿ ಮಠ ತಲುಪಿದ್ರೆ ಪ್ರಸಾದದ ಊಟ ಆಗತ್ತೆ. ಸೈಕ್ಲಿಂಗ್ ಜರ್ಸಿ ಚಡ್ಡೀಲಿ ಒಳಗೆ ಹೋಗೋದು ಚೆನ್ನಾಗಿರಲ್ಲ, ಬ್ಯಾಗಲ್ಲಿ ಒಂದು ಪಂಚೆ ಇಟ್ಕೊಳಿ, ತೂಕ ಏನಿಲ್ಲ, ರಾತ್ರಿ ಹೊದ್ಕೊಳೋಕೂ ಆಗತ್ತೆ. ವಿದ್ಯಾಶಂಕರ ದೇವಸ್ಥಾನದ 12 ರಾಶಿ ಕಂಬ ನೋಡದೆ ಬರಬೇಡಿ, ಹೊಳೆ ಮೆಟ್ಟಿಲ ಹತ್ರ ಮೀನು ಎಷ್ಟು ದಪ್ಪ ಇದಾವೆ ಅಂದ್ರೆ, ಹಿಡಿಯೋರಿಲ್ಲ ನೋಡಿ, ದರ್ಬಾರು ಅವುಗಳದ್ದೇ.

ಅಲ್ಲಿಂದ ಆಗುಂಬೆಗೆ 28 ಕಿಮೀ, ಬೇಗಾರು ಮೇಲೆ, ಕಾಡು. ಸಂಜೆ ಐದೂವರೆಗೆ ಸೂರ್ಯಾಸ್ತದ ಜಾಗದಲ್ಲಿದ್ರೆ ಸರಿ. ಡಿಸೆಂಬರ್ ಜನವರೀಲಿ ಆಕಾಶ ತೊಳೆದಂಗಿರತ್ತೆ, ಅದೃಷ್ಟ ಇದ್ರೆ ಸಮುದ್ರ ಕಾಣತ್ತೆ. ಆದ್ರೆ ಅದಾದ್ಮೇಲೆ ಕತ್ತಲಲ್ಲಿ ತೀರ್ಥಹಳ್ಳಿ ತನಕ ಮೂವತ್ತು ಚಿಲ್ಲರೆ ಕಿಮೀ ಬರೋ ಸಾಹಸ ಬೇಡ, ಕಾಟಿ (ಕಾಡುಕೋಣ) ಗೀಟಿ ಅಡ್ಡ ಬಂದ್ರೆ ಅದಕ್ಕೆ ಬ್ರೇಕಿಲ್ಲ. ಆಗುಂಬೇಲೇ ಉಳೀರಿ, ಹೋಮ್‌ಸ್ಟೇ ಇದಾವೆ.

ಇನ್ನೊಂದು ಮಾತು, ಎಳ್ಳಮಾಸೆ ಜಾತ್ರೆ ಡಿಸೆಂಬರ್ ಜನವರಿ ಆಸುಪಾಸಲ್ಲೇ ಬರೋದು, ಆಗ ನಮ್ಮೂರಲ್ಲಿ ರೂಮ್ ಕೇಳಲೇಬೇಡಿ, ಪಂಚಾಂಗ ನೋಡ್ಕೊಂಡು ಟಿಕೆಟ್ ಮಾಡಿ.

ಸೀತಾನದಿ_ತೀರ:
ನಾನು ಹೆಬ್ರಿ ಕಡೆಯವ. ಘಾಟಿ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ ಮಾರಾಯ್ರೆ.

ಆಗುಂಬೆ ಘಾಟಿ ಹತ್ತುವ ಘಾಟಿ, ಇಳಿಯುವ ಘಾಟಿ ಅಲ್ಲ. ಸೋಮೇಶ್ವರದಿಂದ ಮೇಲೆ 14 ಹೇರ್‌ಪಿನ್ ತಿರುವು, ಹತ್ತು ಕಿಮೀ ಒಳಗೆ ಹತ್ತಿರ ಹತ್ತಿರ 500 ಮೀಟರ್ ಏರ್ತದೆ. ನಂದಿ ಹತ್ತಿದವರಿಗೆ ಇದೇನು ದೊಡ್ಡ ವಿಷಯ ಅಲ್ಲ, ವ್ಯತ್ಯಾಸ ಇರೋದು ಸೆಖೆಯಲ್ಲಿ, ಬೆವರು ಒಣಗುದೇ ಇಲ್ಲ. ಬೆಳಗ್ಗೆ ಏಳರ ಒಳಗೆ ಸೋಮೇಶ್ವರ ಬಿಟ್ರೆ ಇಡೀ ಘಾಟಿ ನೆರಳು, ಪಶ್ಚಿಮದ ಮೈ ಅಲ್ವಾ, ಬಿಸಿಲು ಬರುದು ತಡ. ಹತ್ತುವಾಗ ನಿಧಾನ ಹೋಗ್ತೀರಿ, ಆಗ ಕಾಡು ಕಾಣ್ತದೆ, ಕೇಳ್ತದೆ. ಇಳಿಯುವಾಗ ಏನು ಕಾಣ್ತದೆ, ಮುಂದಿನ ತಿರುವು ಮಾತ್ರ.

ಇಳಿಯುವುದರ ತಾಪತ್ರಯ ಹೇಳ್ತೇನೆ. ತಿರುವು ಎಷ್ಟು ಕಿರಿದು ಅಂದ್ರೆ ಮಿನಿ ಬಸ್ಸು ಕೂಡ ಪೂರ್ತಿ ರಸ್ತೆ ತಗೊಂಡೇ ತಿರುಗುದು, ನಿಮ್ಮ ಲೈನಲ್ಲಿ ಅದರ ಮೂತಿ ಇರ್ತದೆ. ರಿಮ್ ಬ್ರೇಕ್ ಆದ್ರೆ ಒಂದೇ ಸಮ ಹಿಡ್ಕೊಂಡು ಇಳಿದರೆ ರಿಮ್ ಕಾದು ಟ್ಯೂಬ್ ಹೋಗುವ ಚಾನ್ಸ್ ಉಂಟು, ಬಿಟ್ಟು ಬಿಟ್ಟು ಹಿಡೀಬೇಕು, ಹಿಂದೆ ಮುಂದೆ ಎರಡೂ, ತಿರುವಿನ ಮೊದಲೇ ಸ್ಪೀಡ್ ಇಳಿಸಬೇಕು, ತಿರುವಿನ ಒಳಗೆ ಅಲ್ಲ. ಮಧ್ಯ ಮಧ್ಯ ನಿಂತು ರಿಮ್ ಮುಟ್ಟಿ ನೋಡಿ, ಬೆರಳು ಇಡ್ಲಿಕ್ಕೆ ಆಗದಿದ್ರೆ ಐದು ನಿಮಿಷ ಫೋಟೋ ತೆಗೀರಿ. ಡಿಸ್ಕ್ ಇದ್ರೆ ಸ್ವಲ್ಪ ನಿರಾಳ. ಮತ್ತೆ ಕಟ್ಟೆ ಮೇಲೆ ಕೂತ ಮಂಗಗಳಿಗೆ ಹ್ಯಾಂಡಲ್ ಬ್ಯಾಗಿನ ಜಿಪ್ ತೆಗೀಲಿಕ್ಕೆ ಬರ್ತದೆ. ನಗಬೇಡಿ, ನಿಜ.

ನೀವು ಕರಾವಳಿಗೆ ಇಳಿಯುವ ಮನಸ್ಸಿದ್ರೆ ನಾನು ಶೃಂಗೇರಿಯಿಂದ ಕೆರೆಕಟ್ಟೆ ರಸ್ತೆ ಹೇಳುದು. ನೆಮ್ಮಾರು ಕಡೆ ತುಂಗೆ ಪಕ್ಕದಲ್ಲೇ ಇರ್ತಾಳೆ, ಇನ್ನೂ ಹುಡುಗಿ, ಕಲ್ಲು ಕಲ್ಲು ಹಾರ್ಕೊಂಡು. ಆಮೇಲೆ ಕುದುರೆಮುಖ ನ್ಯಾಷನಲ್ ಪಾರ್ಕ್ ಒಳಗೆ ಎಸ್‌ಕೆ ಬಾರ್ಡರ್ (ಸೌತ್ ಕೆನರಾ ಗಡಿ) ತನಕ ಕಾಡು, ಅಲ್ಲಿಂದ ಬಜಗೋಳಿ ಕಡೆ ಇಳಿಜಾರು. ಚೆಕ್‌ಪೋಸ್ಟಲ್ಲಿ ಸೈಕಲ್ ಬಗ್ಗೆ ಕೇಳ್ಕೊಂಡೇ ಮುಂದೆ ಹೋಗಿ, ಮಧ್ಯ ಇಳಿದು ಕಾಡೊಳಗೆ ಹೋಗುದು, ತಿಂಡಿ ಪೊಟ್ಟಣ ಬಿಸಾಡುದು ಎಲ್ಲ ಬೇಡ. ಕಾರ್ಕಳದಲ್ಲಿ ಉಳಿದು ಮರುದಿನ ಹೆಬ್ರಿಗೆ ಬಂದು ಅದರ ಮಾರನೆ ಬೆಳಗ್ಗೆ ಆಗುಂಬೆ ಹತ್ತಿ. ಘಾಟಿ ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಿದ ಹಾಗೂ ಆಯ್ತು.

ಗೇರ್_ಗಿರಾಕಿ:
ಅಬ್ಬಾ, ಇಷ್ಟು ಡೀಟೇಲ್ ನಿರೀಕ್ಷೆ ಇರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಫ್ಲಾಟ್ ಅಂದಿದ್ದಕ್ಕೆ ಗ್ರೂಪಲ್ಲಿ ಆಗ್ಲೇ ಸ್ಕ್ರೀನ್‌ಶಾಟ್ ಓಡಾಡ್ತಿದೆ. ಒಂದು ಡೌಟು, ಅಮ್ಮ ತೀರ್ಥಹಳ್ಳಿ ಅಂದ ತಕ್ಷಣ ಮಂಗನ ಕಾಯಿಲೆ ಅಂತ ಶುರು ಮಾಡಿದಾರೆ, ಡಿಸೆಂಬರಲ್ಲಿ ನಿಜಕ್ಕೂ ಅದರ ಭಯ ಇದ್ಯಾ ಅಥವಾ ಸುಮ್ನೆ ನ್ಯೂಸ್ ಚಾನೆಲ್ ಮಾತಾ? ಇನ್ನೊಂದು, ನಮ್ಮಲ್ಲೊಬ್ಬ ಘಾಟಿ ಇಳಿದೇ ಇಳೀತೀನಿ ಅಂತ ಹಟ ಹಿಡಿದಿದಾನೆ, ಡಿಸ್ಕ್ ಬ್ರೇಕ್ ಅವನದ್ದೇ.

ಕೊಪ್ಪದ_ಕಾಫಿ:
ಅಮ್ಮ ಹೇಳಿದ್ದು ಸುಮ್ನೆ ಅಲ್ಲ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ, ಅದಕ್ಕೇ ಡಾಕ್ಟ್ರುಗಳು ಕ್ಯಾಸನೂರು ಫಾರೆಸ್ಟ್ ಡಿಸೀಸ್, ಅಂದ್ರೆ ಕೆಎಫ್‌ಡಿ ಅನ್ನೋದು. ಮಳೆ ನಿಂತು ಕಾಡು ಒಣಗೋಕೆ ಶುರುವಾದ ಮೇಲೆ ಅದರ ಸೀಸನ್ನು, ಹೆಚ್ಚುಕಮ್ಮಿ ಡಿಸೆಂಬರಿಂದ ಮೇ ತನಕ. ಹರಡೋದು ಉಣುಗಿಂದ, ಈ ಒಣಗಿದ ಎಲೆ ರಾಶಿಯಲ್ಲಿ ಇರತ್ತಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣದು, ಅದು. ಟಾರ್ ರೋಡಲ್ಲಿ ಸೈಕಲ್ ಮೇಲೆ ಕೂತು ಹೋಗೋರಿಗೆ ಅಪಾಯ ಕಮ್ಮಿ, ಆದ್ರೆ ಸೈಕ್ಲಿಸ್ಟುಗಳು ಮಾಡೋದೇನು, ಸುಸ್ತಾದ ತಕ್ಷಣ ಮರದ ಕೆಳಗೆ ದರಲೆ (ಒಣ ಎಲೆ) ಮೇಲೆ ಬಿದ್ಕೊಳೋದು! ಅದು ಮಾತ್ರ ಬೇಡ. ಕೂರಬೇಕು ಅಂದ್ರೆ ಬಸ್ ಸ್ಟಾಪು, ಅಂಗಡಿ ಕಟ್ಟೆ, ಮೋರಿ ಕಟ್ಟೆ. ಉಣುಗು ಹತ್ರ ಬರದಂಗೆ ಹಚ್ಚೋ ಡೇಪಾ ಎಣ್ಣೆ ಇಲ್ಲಿ ಆರೋಗ್ಯ ಇಲಾಖೆಯೋರೇ ಕೊಡ್ತಾರೆ, ಕಾಲಿಗೆ ಹಚ್ಕೊಂಡು ಉದ್ದ ಸಾಕ್ಸ್ ಹಾಕಿ, ಸಂಜೆ ಬಿಸಿನೀರು ಸ್ನಾನ ಮಾಡಿ ಬಟ್ಟೆ ಒಗೀರಿ. ಮಂಗ ಸತ್ತು ಬಿದ್ದಿದ್ದು ಕಂಡ್ರೆ ಹತ್ರ ಹೋಗಬೇಡಿ, ಪಿಎಚ್‌ಸಿಗೆ ಅಥವಾ ಪಂಚಾಯ್ತಿಗೆ ಹೇಳಿ. ಬೆಂಗಳೂರಿಗೆ ವಾಪಸ್ ಹೋದ್ಮೇಲೆ ಜ್ವರ ಬಂದ್ರೆ ಡಾಕ್ಟ್ರಿಗೆ ಮಲೆನಾಡಿಗೆ ಹೋಗಿದ್ದೆ ಅಂತ ಮೊದಲೇ ಹೇಳಿ, ಅಲ್ಲಿ ಯಾರಿಗೂ ತಾವಾಗೇ ಹೊಳೆಯಲ್ಲ. ಮಳೆಗಾಲದ ಉಂಬಳಕ್ಕೆ (ಜಿಗಣೆ) ಹೆದರೋ ಜನ ಇದನ್ನ ಲೆಕ್ಕಕ್ಕೇ ಇಡಲ್ಲ, ನಿಜವಾಗಿ ಹೆದರಬೇಕಾಗಿರೋದು ಇದಕ್ಕೆ. ಉಂಬಳ ರಕ್ತ ಕುಡಿದು ಹೋಗತ್ತೆ ಅಷ್ಟೆ.

ಆಯ್ತು, ಹೆದರಿಸಿದ್ದು ಸಾಕು. ನೀವು ಬರೋ ಟೈಮಿಗೆ ಅಡಿಕೆ ಕೊಯ್ಲು ಜೋರಾಗಿರತ್ತೆ. ರೋಡ್ ಪಕ್ಕದ ಮನೆ ಅಂಗಳದಲ್ಲಿ ಅಟ್ಟ ಕಟ್ಟಿ ಬೇಯಿಸಿದ ಅಡಿಕೆ ಹರಡಿರ್ತಾರೆ, ದೊಡ್ಡ ಹಂಡೇಲಿ ಚೊಗರು (ಅಡಿಕೆ ಬೇಯಿಸೋ ನೀರು) ಕುದೀತಿರತ್ತೆ, ಆ ಒಗರು ವಾಸನೆ ಎರಡು ತಿರುವು ಮೊದಲೇ ಮೂಗಿಗೆ ಬರತ್ತೆ. ಸಂಜೆ ಮೇಲೆ ಹೋದ್ರೆ ಹೆಂಗಸರು ಗಂಡಸರು ಸಾಲಾಗಿ ಮೆಟ್ಟುಗತ್ತಿ ಮುಂದೆ ಕೂತು ಸುಲೀತಿರ್ತಾರೆ, ಕೈ ನೋಡಿದ್ರೆ ಕತ್ತಿ ನೋಡ್ತಾನೇ ಇಲ್ಲ ಅವರು, ಮಾತೆಲ್ಲ ಬೇರೆ ಕಡೆ ಇರತ್ತೆ, ಅಡಿಕೆ ಎರಡು ಹೋಳಾಗಿ ಬುಟ್ಟಿಗೆ ಬೀಳ್ತಿರತ್ತೆ. ನಿಂತು ನೋಡ್ತೀವಿ ಅಂದ್ರೆ ಯಾರೂ ಬೇಡ ಅನ್ನಲ್ಲ, ಕಾಫಿ ಕೊಟ್ಟೇ ಕಳಿಸ್ತಾರೆ. ಅಟ್ಟದ ಮುಂದೆ ಸೈಕಲ್ ಒರಗಿಸಬೇಡಿ ಮಾತ್ರ.

ಶೃಂಗೇರೀಲಿ ಅರ್ಧ ದಿನ ಇದ್ರೆ ಕಿಗ್ಗಕ್ಕೆ ಹೋಗಿ, 10 ಕಿಮೀ, ಸಣ್ಣ ರೋಡು, ತೋಟದ ಮಧ್ಯ ಏರ್ಕೊಂಡು ಹೋಗತ್ತೆ. ಋಷ್ಯಶೃಂಗೇಶ್ವರ ದೇವಸ್ಥಾನ, ಮಳೆ ಬರ್ಲಿ ಅಂತಲೂ ಪೂಜೆ, ಮಳೆ ನಿಲ್ಲಲಿ ಅಂತಲೂ ಪೂಜೆ, ಎರಡೂ ಅಲ್ಲೇ. ಮುಂದೆ ಸಿರಿಮನೆ ಜಲಪಾತ, ಡಿಸೆಂಬರಲ್ಲೂ ನೀರಿರತ್ತೆ. ಸುತ್ತಲ ಲೂಪಿಗಿಂತ ನನಗೆ ಈ ಒಂದು ರೋಡು ಇಷ್ಟ, ಯಾಕಂದ್ರೆ ಬಸ್ಸು ಕಮ್ಮಿ, ಒಬ್ಬಳೇ ಹೋದ್ರೂ ಯಾರೂ ತಿರುಗಿ ನೋಡಿ ಪ್ರಶ್ನೆ ಕೇಳಲ್ಲ. ಹೆಣ್ಮಕ್ಕಳು ಯಾರಾದ್ರೂ ಇದನ್ನ ಓದ್ತಿದ್ರೆ, ಟಾಯ್ಲೆಟ್ ಲೆಕ್ಕ ಹಾಕ್ಕೊಂಡೇ ಸ್ಟಾಪ್ ಪ್ಲಾನ್ ಮಾಡಿ: ಶೃಂಗೇರಿ, ಹರಿಹರಪುರ, ಕೊಪ್ಪದಲ್ಲಿ ದೇವಸ್ಥಾನ ಇಲ್ಲಾ ಪೆಟ್ರೋಲ್ ಬಂಕ್ ಸಿಗತ್ತೆ, ಬೇಗಾರು ಆಗುಂಬೆ ಮಧ್ಯ ಏನೂ ಇಲ್ಲ.

ಹಳೇ_ಅಟ್ಲಾಸ್:
ಡಿಸ್ಕು, ಹೇರ್‌ಪಿನ್ನು, ಡೇಪಾ ಎಣ್ಣೆ... ನಾವು ಹೈಸ್ಕೂಲಿಗೆ ಕ್ಯಾರಿಯರ್ ಮೇಲೆ ತಮ್ಮನ್ನ ಕೂರಿಸ್ಕೊಂಡು ಗೇರಿಲ್ಲದ ಸೈಕಲಲ್ಲಿ ಹೋಗ್ತಿದ್ವಿ, ಏರು ಬಂದ್ರೆ ಇಳಿದು ತಳ್ಳೋದು, ಇಳಿಜಾರು ಬಂದ್ರೆ ದೇವರ ಹೆಸರು.

ನಿಜವಾಗ್ಲೂ ಫ್ಲಾಟ್ ಬೇಕು ಅನ್ನೋರಿಗೆ ಒಂದು ಹೇಳ್ತೀನಿ, ಯಾರೂ ಹೇಳ್ಲಿಲ್ಲ. ಶಿವಮೊಗ್ಗದಿಂದ ಹೊಳೆ ಕೆಳಗಿನ ಕಡೆ ಹೋಗಿ, ಕೂಡ್ಲಿಗೆ, 16 ಕಿಮೀ ಇರಬಹುದು. ಗಂಗಾಮೂಲದಲ್ಲಿ ಒಟ್ಟಿಗೆ ಹುಟ್ಟಿ ಬೇರೆ ಬೇರೆ ದಾರಿ ಹಿಡಿದ ತುಂಗೆ ಭದ್ರೆ ಮತ್ತೆ ಸೇರೋದು ಅಲ್ಲೇ, ಹಳೇ ದೇವಸ್ಥಾನ, ಗದ್ದೆ ಬಯಲು, ಬೆಟ್ಟ ಇಲ್ಲ. ಬಂದ ದಿನ ಸಂಜೆ ಕಾಲು ಸಡಿಲ ಮಾಡ್ಕೊಳೋಕೆ ಸಾಕು. ನಮ್ಮ ಮನೆಯೋರೂ ಬರ್ತಾರೆ ಅಲ್ಲಿಗಾದ್ರೆ.

ಗಾಜನೂರು_ಎಕ್ಸ್‌ಪ್ರೆಸ್:
ಸೈಕಲ್ ತರೋದರ ಬಗ್ಗೆ ಮರೆತಿದ್ದೆ. ಟ್ರೈನಲ್ಲಿ ಬ್ರೇಕ್ ವ್ಯಾನ್ ಲಗೇಜಾಗಿ ಬುಕ್ ಮಾಡಬಹುದು, ಟಿಕೆಟ್ ತೋರಿಸಿ ಪಾರ್ಸೆಲ್ ಆಫೀಸಲ್ಲಿ ಫಾರ್ಮ್ ತುಂಬಬೇಕು, ಹೊರಡೋ ಟೈಮಿಗಿಂತ ಒಂದೆರಡು ಗಂಟೆ ಮೊದಲೇ ಹೋಗಿ. ರಿಯರ್ ಡೀರೇಲರ್ (ಹಿಂದಿನ ಗೇರ್ ಬದಲಾಯಿಸೋ ಭಾಗ) ಬಿಚ್ಚಿ ಬಟ್ಟೆ ಸುತ್ತಿ ಫ್ರೇಮಿಗೆ ಕಟ್ಟಿ, ಮೂಟೆ ಎಸೆಯೋರಿಗೆ ಅದು ಸೈಕಲ್ಲೋ ಈರುಳ್ಳಿ ಚೀಲಾನೋ ಎರಡೂ ಒಂದೇ. ನನ್ನ ಮಟ್ಟಿಗೆ ರಾತ್ರಿ ಬಸ್ಸೇ ಸುಲಭ, ಎರಡೂ ಚಕ್ರ ಬಿಚ್ಚಿ ಬ್ಯಾಗಲ್ಲಿ ಹಾಕಿ ಡಿಕ್ಕಿಗೆ, ಚೈನ್ ಕಡೆ ಮೇಲೆ ಬರೋ ಹಂಗೆ ನೀವೇ ನಿಂತು ಇಡ್ಸಿ. ಬುಕ್ ಮಾಡೋ ಮೊದಲೇ ಫೋನ್ ಮಾಡಿ ಕೇಳಿ, ಕೆಲವರು ಕೊನೇ ಘಳಿಗೇಲಿ ಆಗಲ್ಲ ಅಂತಾರೆ.

ಟ್ಯೂಬು ಎಕ್ಸ್‌ಟ್ರಾ ತನ್ನಿ. ಶಿವಮೊಗ್ಗ ಬಿಟ್ಟ ಮೇಲೆ 700ಸಿ ಪ್ರೆಸ್ಟಾ ವಾಲ್ವ್ ಟ್ಯೂಬ್ ಸಿಗತ್ತೆ ಅಂತ ನಂಬ್ಕೊಂಡು ಹೊರಡಬೇಡಿ, ಪಂಕ್ಚರ್ ಅಂಗಡಿ ಪಂಪೂ ಅದಕ್ಕೆ ಕೂರಲ್ಲ, ಹಿತ್ತಾಳೆ ಅಡಾಪ್ಟರ್ ಒಂದು ಜೇಬಲ್ಲಿ ಇರ್ಲಿ. 28 ಟೈರು ಟಾರಿಗೆ ನಡಿಯತ್ತೆ, ಫ್ರೇಮಲ್ಲಿ ಜಾಗ ಇದ್ರೆ 32 ಹಾಕಿ.

ಗೇರ್_ಗಿರಾಕಿ:
ಸರಿ, ಎಲ್ಲಾ ಸೇರ್ಸಿ ಹಿಂಗೆ ಮಾಡಿದೀವಿ. ಬಂದ ದಿನ ಸಂಜೆ ಕೂಡ್ಲಿ. ಮಾರನೇ ದಿನ ಸಕ್ರೆಬೈಲು ಮಂಡಗದ್ದೆ ಮೇಲೆ ತೀರ್ಥಹಳ್ಳಿ. ಆಮೇಲೆ ಕುಪ್ಪಳಿ ಕೊಪ್ಪ ಹರಿಹರಪುರ ಶೃಂಗೇರಿ, ಅಲ್ಲೇ ಉಳಿದು ಬೆಳಗ್ಗೆ ಕಿಗ್ಗ, ಮಧ್ಯಾಹ್ನ ಮೇಲೆ ಆಗುಂಬೆ. ಕಡೇ ದಿನ ಘಾಟಿ ಇಳಿಯೋನು ಒಬ್ಬನೇ ಇಳಿದು ಹತ್ತಿ ಬರ್ಲಿ, ನಾವಿಬ್ರು ಆಗುಂಬೇಲಿ ತಿಂಡಿ ತಿಂತಾ ಕಾಯ್ತೀವಿ, ಆಮೇಲೆ ಎಲ್ಲಾ ತೀರ್ಥಹಳ್ಳಿಗೆ. ಕೆರೆಕಟ್ಟೆ ರೋಡು ಈ ಸಲ ಆಗಲ್ಲ, ರಜೆ ಸಾಲಲ್ಲ. ವಾಪಸ್ ಬರ್ತಾ ಕುಂದಾದ್ರಿ ಹತ್ತಬಹುದಾ?

ಸೀತಾನದಿ_ತೀರ:
ಇಳಿಯುವ ಆ ಮಹಾಶಯರಿಗೆ ಏಳು ಗಂಟೆ ಒಳಗೆ ಇಳಿದು ಮುಗಿಸ್ಲಿಕ್ಕೆ ಹೇಳಿ. ಟೂರಿಸ್ಟ್ ಗಾಡಿ ಹತ್ತುವುದು ಆಮೇಲೆ.

ಕಮಾನು_ಸೇತುವೆ:
ಪ್ಲಾನ್ ಚೆನ್ನಾಗಿದೆ. ಕುಂದಾದ್ರಿ ಗುಡ್ಡೇಕೇರಿ ಹತ್ರ ತಿರುಗೋದು, ಆಗುಂಬೆಯಿಂದ ಬರ್ತಾ ದಾರೀಲೇ ಸಿಗತ್ತೆ. ಮೇಲ್ ತನಕ ರೋಡಿದೆ, ತುದೀಲಿ ಪಾರ್ಶ್ವನಾಥ ಬಸದಿ, ಬಂಡೆ ಮೇಲೆ ಕೊಳ, ನಾಲ್ಕೂ ಕಡೆ ಕಾಡಿನ ಮೇಲೆ ನಿಂತಂಗೆ. ಆದ್ರೆ ದೂರ ಕಮ್ಮಿ ಅಂತ ಮೋಸ ಹೋಗಬೇಡಿ, ಆಗುಂಬೆ ಘಾಟಿಗಿಂತ ಕಡಿದು, ತಿರುವಲ್ಲಿ ಮುಂದಿನ ಚಕ್ರ ಎದ್ದಂಗಾಗತ್ತೆ. ರೋಡ್ ಬೈಕಲ್ಲಿ ಹಿಂದೆ ದೊಡ್ಡ ಗೇರ್ ಎಷ್ಟು ಹಲ್ಲಿದೆ? 28 ಇದ್ರೆ ಅರ್ಧದಿಂದ ಮೇಲೆ ತಳ್ಳೋದೇ. 32 ಅಥವಾ 34 ಹಾಕಿಸ್ಕೊಂಡು ಬನ್ನಿ. ಮತ್ತೆ ಘಾಟಿ ಇಳಿದು ಹತ್ತಿದ ಅವತ್ತೇ ಆ ಮನುಷ್ಯನ್ನ ಕುಂದಾದ್ರಿಗೂ ಎಳೀಬೇಡಿ, ಕೆಳಗೆ ಅಂಗಡೀಲಿ ಬ್ಯಾಗ್ ಕಾಯೋಕೆ ಕೂರ್ಸಿ.

ಗೇರ್_ಗಿರಾಕಿ:
28 ಹಲ್ಲಿಂದೇ ಇರೋದು, ಇಬ್ರದ್ದೂ. ನಾಳೆ ಅಂಗಡಿಗೆ ಹೋಗಿ 32 ಕೂರತ್ತಾ ಕೇಳ್ತೀನಿ, ಡೀರೇಲರ್ ಉದ್ದ ಮಾಡಿಸ್ಬೇಕೇನೋ.

ಹಳೇ_ಅಟ್ಲಾಸ್:
ನಮ್ಮ ಸೈಕಲಿಗೆ ಹಿಂದೆ 18 ಹಲ್ಲು. ತಳ್ಳೋದು ಕಲ್ತ್ಕೊಳಿ.